ಮಿಶ್ರಧಾನ್ಯದ ಬ್ರೆಡ್ಡು ಮತ್ತು ಶ್ರಾವಕನ ವಿವೇಕ

ಶ್ರಾವಕಾಚಾರ ಗ್ರಂಥಗಳಲ್ಲಿ ಆಹಾರದ ವಿಚಾರಕ್ಕೆ ವಿಶೇಷ ಸ್ಥಾನವಿದೆ. ಯಾವುದು ಭಕ್ಷ್ಯ, ಯಾವುದು ಅಭಕ್ಷ್ಯ, ಸಿದ್ಧಪಡಿಸಿದ ಪದಾರ್ಥ ಎಷ್ಟು ಹೊತ್ತಿನವರೆಗೆ ಸೇವನೆಗೆ ಯೋಗ್ಯ ಎಂಬುದನ್ನು ಆಚಾರ್ಯರು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಅಡುಗೆಯ ಮನೆಯ ಮಾತು ವಿದ್ವಾಂಸರಿಗೆ ತಕ್ಕುದಲ್ಲವೆಂಬ ಭಾವನೆ ಕನ್ನಡದ ಪರಂಪರೆಯಲ್ಲಿ ಇರಲಿಲ್ಲ. ಇಮ್ಮಡಿ ಚಾವುಂಡರಾಯನು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೂ ಸ್ಥಳವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಬರೆದನು, ಅದರಲ್ಲಿ ಹಿಟ್ಟಿನ ತಿನಿಸುಗಳಿಗೆಂದೇ ‘ಪಿಷ್ಟಪಾಕ’ದ ಅಧ್ಯಾಯವಿದೆ. ಆದ್ದರಿಂದ ಇಂದಿನ ಮನೆಗಳಿಗೆ ಹೊಸದಾಗಿ ಬಂದಿರುವ ಒಂದು ಪಿಷ್ಟಪದಾರ್ಥವನ್ನು ಧರ್ಮದ ದೃಷ್ಟಿಯಿಂದ ಪರಿಶೀಲಿಸುವುದು ಅಪ್ರಸ್ತುತವಾಗದು.

ಆ ಪದಾರ್ಥವೇ ಬ್ರೆಡ್ಡು. ಮಕ್ಕಳ ಬುತ್ತಿಯಲ್ಲಿ, ಕಾಯಿಲೆಯವರ ಪಥ್ಯದಲ್ಲಿ, ಪ್ರವಾಸದಲ್ಲಿ ಅದು ಜೈನ ಕುಟುಂಬಗಳಲ್ಲಿಯೂ ಬಳಕೆಗೆ ಬಂದು ಬಹುಕಾಲವಾಯಿತು. ವಿಶ್ವಸಂಸ್ಥೆಯು 2016ನ್ನು ದ್ವಿದಳಧಾನ್ಯಗಳ ವರ್ಷವೆಂದೂ 2023ನ್ನು ಸಿರಿಧಾನ್ಯಗಳ ವರ್ಷವೆಂದೂ ಆಚರಿಸಿದ ಮೇಲೆ, ಹಲವು ಧಾನ್ಯಗಳನ್ನೂ ಬೇಳೆಗಳನ್ನೂ ಕೂಡಿಸಿ ಮನೆಯಲ್ಲಿಯೇ ಬ್ರೆಡ್ಡನ್ನು ಸುಡುವ ಆಸಕ್ತಿ ಅನೇಕರಲ್ಲಿ ಮೂಡಿದೆ. ಇಲ್ಲಿಯೇ ಪ್ರಶ್ನೆ ಏಳುತ್ತದೆ. ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬೇಕರಿಯ ಮೈದಾ ಬ್ರೆಡ್ಡು ಮಕ್ಕಳ ಆರೋಗ್ಯಕ್ಕೆ ಹಿತವಲ್ಲ, ಮನೆಯಲ್ಲಿಯೇ ಮಾಡೋಣವೆಂದು ಸೊಸೆ ಹೇಳುತ್ತಾಳೆ. ಯೀಸ್ಟ್ ಎಂಬುದು ಜೀವರಾಶಿ, ಅದನ್ನು ಬಸದಿಗೆ ಹೋಗಿಬರುವವರ ಅಡುಗೆಮನೆಗೆ ತರಬಾರದೆಂದು ಅತ್ತೆ ಹೇಳುತ್ತಾಳೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೆ ವಾದ ತೀರ್ಮಾನವಾಗದೆ ಉಳಿಯುತ್ತದೆ. ಅಷ್ಟರಲ್ಲಿ ಮಕ್ಕಳಿಗಾಗಿ ಅಂಗಡಿಯ ಬ್ರೆಡ್ಡು ಎಂದಿನಂತೆ ಮನೆಗೆ ಬರುತ್ತಲೇ ಇರುತ್ತದೆ! ಇದರಲ್ಲಿ ಅಹಿಂಸೆಯೂ ಸಾಧಿಸಲಿಲ್ಲ, ಆರೋಗ್ಯವೂ ದಕ್ಕಲಿಲ್ಲ. ಇಂಥ ಸಂದರ್ಭದಲ್ಲಿ ಶ್ರಾವಕನು ಯಾವ ಅಳತೆಗೋಲನ್ನು ಹಿಡಿಯಬೇಕು?

ಅಳತೆಗೋಲನ್ನು ಹೊರಗೆ ಹುಡುಕಬೇಕಾಗಿಲ್ಲ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹಸಿಶುಂಠಿ, ಮೂಲಂಗಿ, ಬೆಣ್ಣೆ ಮೊದಲಾದವನ್ನು ತ್ಯಜಿಸಲು ಹೇಳುವಾಗ ಕಾರಣವನ್ನೂ ತಿಳಿಸಿದ್ದಾರೆ: ಅವುಗಳಿಂದ ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ. ಇದು ಕೇವಲ ನಿಷಿದ್ಧ ವಸ್ತುಗಳ ಪಟ್ಟಿಯಲ್ಲ, ತೂಗುವ ಕ್ರಮ. ಅದರ ಬೆನ್ನಿಗೇ ಅವರು ಮತ್ತೆರಡು ಮಾತುಗಳನ್ನು ಸೇರಿಸಿದ್ದಾರೆ. ದೇಹಕ್ಕೆ ಅನಿಷ್ಟವಾದುದನ್ನೂ ಶಿಷ್ಟರು ಸೇವಿಸದುದನ್ನೂ ಬಿಡಬೇಕು. ಯೋಗ್ಯವಾದ ವಿಷಯದಿಂದಲೂ ತಿಳಿದು, ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತ. ಲೆಕ್ಕಪುಸ್ತಕವನ್ನು ಬಲ್ಲವರಿಗೆ ಇದರ ಅರ್ಥ ಸುಲಭವಾಗಿ ಹೊಳೆಯುತ್ತದೆ. ಜಮಾ ಮತ್ತು ಖರ್ಚು ಎರಡನ್ನೂ ಬರೆಯದೆ ನಿವ್ವಳವನ್ನು ಹೇಳಲಾಗದು. ಯೀಸ್ಟಿನ ಘಾತವನ್ನು ಮಾತ್ರ ಬರೆದು ಮೈದಾದ ಅನಿಷ್ಟವನ್ನು ಬಿಟ್ಟರೂ ತಪ್ಪು, ಆರೋಗ್ಯದ ಲಾಭವನ್ನು ಮಾತ್ರ ಬರೆದು ಜೀವಘಾತವನ್ನು ಬಿಟ್ಟರೂ ತಪ್ಪು.

ಮೊದಲು ಫಲವನ್ನು ನೋಡೋಣ. ಗೋಧಿ, ಜೋಳ ಮೊದಲಾದ ಏಕದಳ ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರು, ಕಡಲೆ ಮುಂತಾದ ದ್ವಿದಳಗಳಲ್ಲಿ ಲೈಸಿನ್ ಸಾಕಷ್ಟಿದ್ದು, ಮಿಥಿಯೋನಿನ್ ಎಂಬ ಇನ್ನೊಂದು ಅಂಶ ಕಡಿಮೆ. ಎರಡನ್ನೂ ಕೂಡಿಸಿದಾಗ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಮಾಂಸ ಮೊಟ್ಟೆಗಳನ್ನು ತ್ಯಜಿಸಿದ ಮನೆಗಳಿಗೆ ಇದು ಸಾಮಾನ್ಯ ಲಾಭವಲ್ಲ. ಇದರ ಜೊತೆಗೆ ಮೈದಾದಲ್ಲಿ ಕಳೆದುಹೋಗುವ ತವುಡು, ನಾರು, ಖನಿಜಗಳು ಇಡಿಧಾನ್ಯದ ಹಿಟ್ಟಿನಲ್ಲಿ ಉಳಿಯುತ್ತವೆ.

ಈ ತಿಳಿವಳಿಕೆ ಹೊರದೇಶದಿಂದ ಬಂದುದೂ ಅಲ್ಲ. ಬೆಳಗಾವಿಯ ಕಡೆಯ ಮನೆಗಳಲ್ಲಿ ಜೋಳ, ಗೋಧಿ, ಅಕ್ಕಿ, ಕಡಲೆಬೇಳೆ, ಉದ್ದಿನಬೇಳೆಗಳನ್ನು ಹುರಿದು ಬೀಸಿದ ಹಿಟ್ಟಿನಿಂದ ತಾಲೀಪೆಟ್ಟು ತಟ್ಟುತ್ತಾರೆ. ರಾಜಸ್ಥಾನದಲ್ಲಿ ಗೋಧಿಗೆ ಕಡಲೆಹಿಟ್ಟನ್ನು ಬೆರೆಸಿ ಮಿಸ್ಸಿ ರೊಟ್ಟಿ ಮಾಡುತ್ತಾರೆ. ಯಹೂದ್ಯರ ಪ್ರವಾದಿ ಎಝೆಕಿಯೇಲನ ಗ್ರಂಥದಲ್ಲಿಯೂ ಗೋಧಿ, ಬಾರ್ಲಿ, ಅವರೆ, ಮಸೂರಗಳ ಜಾತಿಯ ಕಾಳು ಮತ್ತು ಕಿರುಧಾನ್ಯಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ ಮಾಡುವ ರೊಟ್ಟಿಯ ಉಲ್ಲೇಖವಿದೆ. ಅಲ್ಲಿ ಅದು ಮುತ್ತಿಗೆಗೆ ಸಿಕ್ಕಿದ ನಗರದವರು ತೂಕ ಮಾಡಿ ಉಣ್ಣುವ ಕಷ್ಟಕಾಲದ ಆಹಾರ; ಇಂದು ಅದೇ ಹೆಸರಿನಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮೊಳಕೆ ಕಾಳಿನ ಬ್ರೆಡ್ಡು ಆರೋಗ್ಯದ ಆಹಾರವೆಂದು ಮಾರಾಟವಾಗುತ್ತದೆ. ಮೊಳಕೆಯೊಡೆದ ಬೀಜವನ್ನು ಅನಂತಕಾಯವೆಂದು ಪರಿಗಣಿಸಿ ತ್ಯಜಿಸುವ ಕುಟುಂಬಗಳಿಗೆ ಆ ಮಾದರಿ ಒಗ್ಗದು. ಹುರಿದು ಬೀಸುವ ನಮ್ಮ ನಾಡಿನ ಕ್ರಮವೇ ಅವರಿಗೆ ಸೂಕ್ತ. ಹುರಿದ ಬೀಜ ಮತ್ತೆ ಮೊಳೆಯುವುದಿಲ್ಲ.

ಇನ್ನು ಘಾತದ ಕಡೆ. ಯೀಸ್ಟ್ ಎಂಬುದು ಶಿಲೀಂಧ್ರ ವರ್ಗಕ್ಕೆ ಸೇರಿದ ಏಕಕೋಶ ಜೀವಿ. ಹುದುಗುವಿಕೆ ಕೇವಲ ರಾಸಾಯನಿಕ ಕ್ರಿಯೆಯಲ್ಲ, ಸೂಕ್ಷ್ಮಜೀವಿಗಳ ಕಾರ್ಯವೆಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ ಅವರು 1857ರಿಂದ ಮುಂದಿನ ವರ್ಷಗಳಲ್ಲಿ ಪ್ರಯೋಗಗಳಿಂದ ತೋರಿಸಿದರು. ಒಂದು ಗ್ರಾಂ ಯೀಸ್ಟಿನಲ್ಲಿ ನೂರಾರು ಕೋಟಿ ಕೋಶಗಳಿರುತ್ತವೆ. ಹಿಟ್ಟಿನ ಸಕ್ಕರೆಯಂಶವನ್ನು ಉಂಡು ಅವು ಅಂಗಾರಾಮ್ಲ ಅನಿಲವನ್ನೂ ಸ್ವಲ್ಪ ಮದ್ಯಸಾರವನ್ನೂ ಹೊರಹಾಕುತ್ತವೆ. ಆ ಅನಿಲದಿಂದಲೇ ಹಿಟ್ಟು ಉಬ್ಬುತ್ತದೆ. ಸುಡುವಾಗ ಮದ್ಯಸಾರದ ಹೆಚ್ಚಿನ ಭಾಗ ಆವಿಯಾಗುತ್ತದೆ, ಜೀವಕೋಶಗಳೂ ಅಳಿಯುತ್ತವೆ. ಅಂದರೆ ಜೀವಿಗಳನ್ನು ಉದ್ದೇಶಪೂರ್ವಕವಾಗಿ ವೃದ್ಧಿಪಡಿಸಿ, ಅನಂತರ ಬೆಂಕಿಗೆ ಒಡ್ಡಿದಂತಾಯಿತು. ಅತ್ತೆಯ ಆಕ್ಷೇಪಣೆ ಅಜ್ಞಾನದ್ದಲ್ಲವೆಂಬುದನ್ನು ಸೊಸೆ ಒಪ್ಪಬೇಕು.

ಆದರೆ ಅಷ್ಟಕ್ಕೇ ವಿಚಾರ ಮುಗಿಯುವುದಿಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದೂ ಬ್ಯಾಕ್ಟೀರಿಯಾಗಳ ಕ್ರಿಯೆಯಿಂದಲೇ. ಯೀಸ್ಟನ್ನು ಪೊಟ್ಟಣದಿಂದ ಹಾಕುವುದು ಕಣ್ಣಿಗೆ ಕಾಣುತ್ತದೆ, ಉದ್ದಿನ ಹಿಟ್ಟಿನಲ್ಲಿ ತಾನಾಗಿ ಹುಟ್ಟುವುದು ಕಾಣುವುದಿಲ್ಲ; ಇಷ್ಟೇ ವ್ಯತ್ಯಾಸ. ಇಡ್ಲಿಯನ್ನು ನಿಶ್ಚಿಂತೆಯಿಂದ ಉಂಡು ಬ್ರೆಡ್ಡನ್ನು ಮಾತ್ರ ನಿಂದಿಸುವುದು ವ್ರತವಲ್ಲ, ರೂಢಿ. ಎರಡನ್ನೂ ಬಿಟ್ಟ ವ್ರತಿಗಳ ಮಾತು ಬೇರೆ, ಅವರು ವಂದನೀಯರು. ಇನ್ನೊಂದು ಕಡೆ ಮೊಸರನ್ನು ನೋಡಬೇಕು. ಅದೂ ಹೆಪ್ಪಿನಿಂದಲೇ ಆಗುವುದು. ಆದರೂ ಶ್ರಾವಕಾಚಾರವು ಮೊಸರನ್ನು ಸರ್ವಥಾ ನಿಷೇಧಿಸದೆ ಅದಕ್ಕೆ ಕಾಲದ ಮರ್ಯಾದೆಯನ್ನು ವಿಧಿಸಿತು, ಮದ್ಯವನ್ನಾದರೋ ಸರ್ವಥಾ ನಿಷೇಧಿಸಿತು. ಹುದುಗಿದುದೆಲ್ಲವೂ ಒಂದೇ ತೂಕದ್ದಲ್ಲವೆಂಬುದು ಇದರಿಂದ ಸ್ಪಷ್ಟ. ವಸ್ತು ಯಾವುದು, ಎಷ್ಟು ಹೊತ್ತಿನದು, ಯಾವ ಉದ್ದೇಶದ್ದು, ಅದರಿಂದ ಚಿತ್ತಕ್ಕೆ ಆಗುವ ವಿಕಾರವೇನು ಎಂಬುದನ್ನೆಲ್ಲ ನೋಡಿಯೇ ನಿರ್ಣಯಿಸಬೇಕು. ಅನೇಕಾಂತದೃಷ್ಟಿ ಊಟದ ಎಲೆಯ ಮುಂದೆಯೂ ಬೇಕಾಗುತ್ತದೆ.

ಇದಕ್ಕಿಂತ ಗುರುತರವಾದ ವಿಷಯವೊಂದು ಈ ವಾದದ ನಡುವೆ ಮರೆತುಹೋಗುತ್ತದೆ. ಗೃಹಸ್ಥನ ಅಹಿಂಸಾಣುವ್ರತದಲ್ಲಿ ಮೊದಲ ಹೊಣೆ ತ್ರಸಜೀವಿಗಳದು. ಸ್ಥಾವರ ಜೀವಿಗಳ ಘಾತವನ್ನು ಅವನು ಪೂರ್ತಿಯಾಗಿ ತಪ್ಪಿಸಲಾರನು, ಆದಷ್ಟು ತಗ್ಗಿಸಬೇಕು. ಚಲಿಸುವ ಜೀವಿಗಳನ್ನಾದರೋ ತಿಳಿದು ಕೊಲ್ಲಲಾಗದು. ಹಲವು ಧಾನ್ಯ, ಹಲವು ಬೇಳೆಗಳ ಹಿಟ್ಟನ್ನು ತಿಂಗಳುಗಟ್ಟಲೆ ಡಬ್ಬಿಯಲ್ಲಿ ತುಂಬಿಟ್ಟರೆ ಏನಾಗುತ್ತದೆಂಬುದು ಕಿರಾಣಿ ಅಂಗಡಿಯವರಿಗೆಲ್ಲ ಗೊತ್ತು. ನುಸಿ, ಹಿಟ್ಟುಹುಳು, ಬಲೆ ಕಟ್ಟುವ ಮರಿಹುಳು, ಒಂದರ ಹಿಂದೊಂದು ಹುಟ್ಟುತ್ತವೆ. ಕಾಳಿನ ಮೇಲೆ ಮೊಟ್ಟೆಯಿಡುವ ಒಂದು ಬಗೆಯ ದುಂಬಿಯ ಮರಿ ಕಾಳಿನೊಳಗೇ ಬೆಳೆದು, ಕೊನೆಗೆ ದುಂಡಗಿನ ರಂಧ್ರ ಮಾಡಿಕೊಂಡು ಹೊರಬರುತ್ತದೆ. ಅಲ್ಲಿಯವರೆಗೆ ಕಾಳು ಹೊರಗಿನಿಂದ ಶುದ್ಧವಾಗಿಯೇ ಕಾಣುತ್ತದೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಮಳೆಗಾಲದಲ್ಲಿ ಒಡೆಯದ ಇಡಿಕಾಳನ್ನು ತ್ಯಜಿಸಬೇಕೆಂದು ವಿಧಿಸಿದುದರ ಔಚಿತ್ಯ ಇದರಿಂದ ಮನವರಿಕೆಯಾಗುತ್ತದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಮರ್ಯಾದೆಯೂ ಇದೇ ವಿವೇಕದಿಂದ ಬಂದುದು. ಯೀಸ್ಟನ್ನು ಹೊಸ್ತಿಲಾಚೆ ತಡೆದು, ನುಸಿ ಹಿಡಿದ ಹಳೆಯ ಹಿಟ್ಟನ್ನು ಜರಡಿಯೂ ಆಡಿಸದೆ ಒಲೆಗೆ ಇಡುವ ಮನೆ, ಸಣ್ಣ ಬಾಬತ್ತನ್ನು ಜೋಪಾನವಾಗಿ ಬರೆದು ದೊಡ್ಡ ಬಾಬತ್ತನ್ನು ಬಿಟ್ಟ ಲೆಕ್ಕದಂತೆ.

ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು ಸೇರಿಸಿದ್ದಾರೆ. ಎಚ್ಚರಗೇಡಿತನವೇ ಅಲ್ಲಿನ ಮರ್ಮ. ಈ ದೃಷ್ಟಿಯಿಂದ ಮನೆಯಲ್ಲಿ ಮಾಡುವ ಬ್ರೆಡ್ಡಿನ ದೊಡ್ಡ ಗುಣ ಅದು ‘ಮನೆಯದು’ ಎಂಬುದಲ್ಲ. ಕಾಳನ್ನು ಆರಿಸುವ ಕಣ್ಣು, ಹಿಟ್ಟನ್ನು ಜರಡಿಯಾಡುವ ಕೈ, ನೀರನ್ನು ಸೋಸುವ ಬಟ್ಟೆ, ಇವೆಲ್ಲ ಉಣ್ಣುವವನ ಹತ್ತಿರವೇ ಇರುತ್ತವೆ ಎಂಬುದೇ ಅದರ ಗುಣ. ನೋಡದೆ ಮಾಡಿದರೆ ಮನೆಯ ಬ್ರೆಡ್ಡೂ ಬೇಕರಿಯ ಬ್ರೆಡ್ಡೂ ಒಂದೇ.

ಹಾಗಾದರೆ ಯೀಸ್ಟ್ ಇಲ್ಲದೆ ಬ್ರೆಡ್ಡು ಸಾಧ್ಯವೇ? ಸಾಧ್ಯ. ಐರ್ಲೆಂಡಿನ ಜನರು ಹತ್ತೊಂಬತ್ತನೆಯ ಶತಮಾನದಿಂದ ಅಡುಗೆ ಸೋಡಾ ಮತ್ತು ಹುಳಿಮಜ್ಜಿಗೆಯಿಂದ ಬ್ರೆಡ್ಡನ್ನು ಉಬ್ಬಿಸುತ್ತ ಬಂದಿದ್ದಾರೆ. ಆದರೆ ಅದನ್ನು ಹಾಗೆಯೇ ಅನುಸರಿಸಿದರೆ ಜೈನ ಮನೆಯಲ್ಲಿ ಬೇರೊಂದು ತೊಡಕು ಬರುತ್ತದೆ. ಬೇಳೆಯ ಹಿಟ್ಟು ಹಸಿ ಮಜ್ಜಿಗೆಯೊಡನೆ ಕೂಡಿದರೆ ಅದು ದ್ವಿದಲ ದೋಷ. ಕಾಯಿಸಿದ ಗೋರಸದ ವಿಷಯದಲ್ಲಿ ಪರಂಪರೆಗಳ ನಡುವೆ ಭಿನ್ನತೆಯಿದೆ. ಮಜ್ಜಿಗೆಯ ಸ್ಥಾನದಲ್ಲಿ ನಿಂಬೆಯ ರಸವನ್ನು ಬಳಸಿದರೆ ಈ ತೊಡಕೇ ಇರುವುದಿಲ್ಲ. ಹುಳಿ ಮತ್ತು ಸೋಡಾ ಕೂಡಿದಾಗ ಅದೇ ಅಂಗಾರಾಮ್ಲ ಅನಿಲ ಹುಟ್ಟುತ್ತದೆ, ಹಿಟ್ಟು ಉಬ್ಬುತ್ತದೆ, ಯಾವ ಜೀವಿಯನ್ನೂ ಬೆಳೆಸಬೇಕಾಗಿಲ್ಲ.

ಕ್ರಮ ಕಠಿಣವಲ್ಲ. ಗೋಧಿಹಿಟ್ಟು 300 ಗ್ರಾಂ, ಜೋಳದ ಅಥವಾ ರಾಗಿಯ ಹಿಟ್ಟು 75 ಗ್ರಾಂ, ಹುರಿದು ಬೀಸಿದ ಹೆಸರುಬೇಳೆ ಮತ್ತು ಕಡಲೆಬೇಳೆಯ ಹಿಟ್ಟು 125 ಗ್ರಾಂ. ಹೀಗೆ ಧಾನ್ಯ ಮೂರು ಪಾಲಾದರೆ ಬೇಳೆ ಒಂದು ಪಾಲಾಗುತ್ತದೆ. ಉಬ್ಬಿದ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಗೋಧಿಯಲ್ಲಿದೆಯೇ ಹೊರತು ಜೋಳ, ರಾಗಿ, ಬೇಳೆಗಳಲ್ಲಿಲ್ಲ. ಆದಕಾರಣ ಗೋಧಿಯ ಪಾಲನ್ನು ಅರ್ಧಕ್ಕಿಂತ ಇಳಿಸಿದರೆ ಬ್ರೆಡ್ಡು ಪುಡಿಯಾಗುತ್ತದೆ. ಒಂದು ಚಹಾ ಚಮಚ ಅಡುಗೆ ಸೋಡಾ ಮತ್ತು ರುಚಿಗೆ ಉಪ್ಪನ್ನು ಹಿಟ್ಟಿನೊಡನೆ ಸೇರಿಸಿ ಎರಡು ಸಲ ಜರಡಿಯಾಡಬೇಕು. ಸೋಸಿ ಕಾಯಿಸಿ ಆರಿಸಿದ ನೀರು ಸುಮಾರು 350 ಮಿಲಿಲೀಟರ್, ಮೂರು ದೊಡ್ಡ ಚಮಚ ನಿಂಬೆರಸ, ಎರಡು ದೊಡ್ಡ ಚಮಚ ಎಣ್ಣೆ, ಇವನ್ನು ಕೂಡಿಸಿ ಹಿಟ್ಟಿಗೆ ಹೊಯ್ದು ಬೇಗನೆ ಕಲಸಬೇಕು. ಚಪಾತಿಯ ಹಿಟ್ಟಿನಂತೆ ನಾದಬಾರದು. ಅನಿಲ ಹಾರಿಹೋಗುವ ಮೊದಲೇ ಎಣ್ಣೆ ಸವರಿದ ಪಾತ್ರೆಗೆ ಹಾಕಿ, ಒಳಗೆ ಯಾವ ಕೀಟವೂ ಇಲ್ಲವೆಂದು ನೋಡಿ ಕಾಯಿಸಿಟ್ಟ ಓವನ್ನಿನಲ್ಲಿ 190 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 45ರಿಂದ 50 ನಿಮಿಷ ಸುಡಬೇಕು. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ಅರ್ಥ. ಕಲಸಿದ ಹಿಟ್ಟನ್ನು ಗಂಟೆಗಟ್ಟಲೆ ಕಾಯಿಸುವ ಅಗತ್ಯವಿಲ್ಲದುದರಿಂದ ಸೂರ್ಯೋದಯದ ಅನಂತರ ಆರಂಭಿಸಿ ಮಧ್ಯಾಹ್ನದೊಳಗೆ ಎಲ್ಲವನ್ನೂ ಮುಗಿಸಬಹುದು. ಯೀಸ್ಟಿನ ಬ್ರೆಡ್ಡಿನಷ್ಟು ಇದು ಹಗುರವಾಗಿರುವುದಿಲ್ಲ, ಸ್ವಲ್ಪ ಗಟ್ಟಿ.

ಈಗ ಸಮಂತಭದ್ರರ ತಕ್ಕಡಿಯನ್ನು ಮತ್ತೆ ಎತ್ತಬಹುದು. ಪೋಷಣೆ ಎರಡು ಬಗೆಯ ಬ್ರೆಡ್ಡಿನಲ್ಲಿಯೂ ಹೆಚ್ಚುಕಡಿಮೆ ಒಂದೇ. ಯೀಸ್ಟಿನಿಂದ ಹೆಚ್ಚಾಗಿ ದೊರೆಯುವುದು ಮೃದುತ್ವ ಮತ್ತು ಒಂದು ಬಗೆಯ ಪರಿಮಳ. ನಾಲಗೆಯ ಆ ಅಲ್ಪಫಲಕ್ಕಾಗಿ ಕೋಟಿಗಟ್ಟಲೆ ಜೀವಿಗಳ ಉತ್ಪತ್ತಿ ಮತ್ತು ಘಾತ. ಸುಲಭವಾದ ಬೇರೆ ದಾರಿ ತಿಳಿದ ಮೇಲೆ ಯೀಸ್ಟನ್ನು ಬಿಡುವುದೇ ಶ್ರೇಯಸ್ಕರವೆಂಬುದು ಸ್ಪಷ್ಟವಾಗುತ್ತದೆ. ಅತ್ತೆಯ ಮಾತು ಇಲ್ಲಿ ಗೆಲ್ಲುತ್ತದೆ. ಆದರೆ ಬ್ರೆಡ್ಡನ್ನು ಮನೆಯಲ್ಲಿಯೇ ಮಾಡಬೇಕೆಂಬ ಸೊಸೆಯ ಮಾತೂ ಗೆಲ್ಲುತ್ತದೆ. ಏಕೆಂದರೆ ಅಂಗಡಿಯ ಬ್ರೆಡ್ಡಿನಲ್ಲಿ ಯೀಸ್ಟೂ ಇದೆ, ಮೈದಾವೂ ಇದೆ, ನೋಡುವ ಕಣ್ಣು ಮಾತ್ರ ಇಲ್ಲ.

ಅಂಗಡಿಯ ಬ್ರೆಡ್ಡಿನ ಸಂಗತಿಯನ್ನು ವರ್ತಕ ಸಮಾಜವು ವಿಶೇಷವಾಗಿ ಗಮನಿಸಬೇಕು. ಹಿಟ್ಟನ್ನು ಹದಗೊಳಿಸಲು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ನಿಷೇಧಿಸಿದುದು 2016ರಲ್ಲಿ. ಅಲ್ಲಿಯವರೆಗೆ ಅದಕ್ಕೆ ಅನುಮತಿಯಿತ್ತು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಮಾಂಸ ಮೊಟ್ಟೆಗಳಿಲ್ಲವೆಂದು ಹೇಳುತ್ತದೆಯೇ ಹೊರತು, ಯೀಸ್ಟ್, ಜೇನು, ಕಂದಮೂಲಗಳ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಹಿಡಿಯಷ್ಟು ಕಾಳನ್ನು ಮೇಲೆ ಉದುರಿಸಿ, ಒಳಗೆ ಬಹುಪಾಲು ಮೈದಾ ತುಂಬಿ ‘ಬಹುಧಾನ್ಯ’ವೆಂದು ಮಾರುವುದು ‘ತತ್ತ್ವಾರ್ಥಸೂತ್ರ’ವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ಪ್ರತಿರೂಪಕ ವ್ಯವಹಾರವೇ ಸರಿ. ಇಂಥ ಸರಕನ್ನು ತಿಳಿದೂ ಮಾರುವವನು, ಮನೆಯಲ್ಲಿ ಎಷ್ಟೇ ಶುದ್ಧವಾದ ಊಟ ಮಾಡಿದರೂ, ವ್ರತವನ್ನು ಅಂಗಡಿಯಲ್ಲಿ ಕಳೆದುಕೊಂಡಂತೆ.

ಇನ್ನೊಂದು ಬಾಬತ್ತು ಸಾಮಾನ್ಯವಾಗಿ ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಆರಿಸುವುದು, ಹುರಿಯುವುದು, ಬೀಸುವುದು, ಸೋಸುವುದು, ಸುಡುವುದು, ಇದೆಲ್ಲ ಶ್ರಮ. ಮನೆಯವರೆಲ್ಲ ಶುದ್ಧಿಯ ಕೀರ್ತಿಯನ್ನು ಹಂಚಿಕೊಂಡು ಶ್ರಮವನ್ನು ಒಬ್ಬ ಶ್ರಾವಿಕೆಯ ಮೇಲೆ ಹೊರಿಸಿದರೆ ಅದು ಅಹಿಂಸೆಯ ಊಟವಾದೀತೇ? ಹಿಟ್ಟಿನಲ್ಲಿನ ಸೂಕ್ಷ್ಮಜೀವಿಯ ನೋವನ್ನು ಎಣಿಸುವ ಮನೆ, ಒಲೆಯ ಮುಂದೆ ನಿಂತವಳ ಸೊಂಟದ ನೋವನ್ನು ಎಣಿಸದಿದ್ದರೆ ಆ ಎಣಿಕೆಯೇ ಹುಸಿ. ಕಾಳನ್ನು ಆರಿಸಲು ಗಂಡಸರೂ ಕೂಡಬೇಕು, ಮಕ್ಕಳೂ ಕೂಡಬೇಕು. ಕಾಳಿನಲ್ಲಿ ಹುಳುವನ್ನು ಕಂಡು ಅದನ್ನು ಮೆಲ್ಲನೆ ಹೊರಗೆ ಬಿಡಲು ಕಲಿತ ಮಗುವಿಗೆ ಜೀವದಯೆಯ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ತೇವಾಂಶವಿರುವ ಈ ಬ್ರೆಡ್ಡನ್ನು ಮಾಡಿದ ದಿನವೇ ಸೂರ್ಯಾಸ್ತದೊಳಗೆ ಮುಗಿಸಬೇಕು. ದಿನಗಟ್ಟಲೆ ಇಟ್ಟರೆ ರಸ ಚಲಿತವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಇದು ಅನನುಕೂಲವೆಂದು ತೋರಬಹುದು, ಆದರೆ ಇದರಲ್ಲಿ ಅಪರಿಗ್ರಹದ ಅಭ್ಯಾಸವಿದೆ. ಕೂಡಿಡಲಾಗದ ಪದಾರ್ಥವನ್ನು ಅಳತೆಯಿಂದ ಮಾಡಬೇಕು, ಇಲ್ಲವೇ ಹಂಚಬೇಕು. ಎರಡೂ ಒಳ್ಳೆಯವೇ.

ಇಷ್ಟು ಸೂಕ್ಷ್ಮಕ್ಕೆ ಇಳಿಯಬೇಕೇ ಎಂದು ಕೆಲವರು ಕೇಳಬಹುದು. ಒಂದು ತುಂಡು ಬ್ರೆಡ್ಡಿನಿಂದ ಮೋಕ್ಷ ದೊರೆಯದು, ತಪ್ಪಿಯೂ ಹೋಗದು ಎಂಬುದು ನಿಜ. ರಾಗಾದಿಗಳು ಹುಟ್ಟದಿರುವುದೇ ಅಹಿಂಸೆಯೆಂದು ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಪ್ರತಿಪಾದಿಸಿದ್ದಾರೆ. ಆ ದೃಷ್ಟಿಯಲ್ಲಿ ನಾಲಗೆಯ ಲೋಭ ಎಷ್ಟು ಹಿಂಸೆಯೋ, ‘ನಾವು ಶುದ್ಧರು, ಅವರು ಅಶುದ್ಧರು’ ಎಂಬ ಮಾನಕಷಾಯವೂ ಅಷ್ಟೇ ಹಿಂಸೆ. ನೆರೆಮನೆಯವರು ಇಂದಿಗೂ ಯೀಸ್ಟಿನ ಬ್ರೆಡ್ಡನ್ನು ಉಣ್ಣುತ್ತಿದ್ದರೆ ಅವರನ್ನು ಹೀಯಾಳಿಸುವುದಕ್ಕಿಂತ ಯೀಸ್ಟ್ ಇಲ್ಲದ ಬ್ರೆಡ್ಡೊಂದನ್ನು ಅವರ ಮನೆಗೆ ಕಳುಹಿಸುವುದು ಮೇಲು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಮಕ್ಕಳ ಸಂಸ್ಕಾರ ಶಿಬಿರಗಳಲ್ಲಿ ಬೆಳಗಿನ ಉಪಾಹಾರಕ್ಕೆ ಹೊರಗಿನಿಂದ ಬನ್ನು ಬ್ರೆಡ್ಡುಗಳನ್ನು ತರಿಸುವ ಬದಲು, ಕಾಳನ್ನು ಆರಿಸುವುದರಿಂದ ಸುಡುವವರೆಗಿನ ಕ್ರಮವನ್ನು ಮಕ್ಕಳಿಂದಲೇ ಮಾಡಿಸಿ ತೋರಿಸಬಹುದು. ಬಡಿಸುವ ಪದಾರ್ಥದಲ್ಲಿ ಏನೇನಿದೆ, ಯಾವ ದಿನ ಬೀಸಿದ ಹಿಟ್ಟು ಎಂಬುದನ್ನು ಭೋಜನಶಾಲೆಯ ಹಲಗೆಯ ಮೇಲೆ ಬರೆದು ತಿಳಿಸಬಹುದು. ವ್ರತಿಗಳು ತಮ್ಮ ನಿಯಮದಂತೆ ನಿರ್ಧರಿಸಲಿ. ಮಂಡಳಿಗಳು ಉಗ್ರಾಣದಲ್ಲಿ ವರ್ಷದ ಹಿಟ್ಟನ್ನು ತುಂಬಿಡದೆ, ಬೇಕಾದಷ್ಟನ್ನು ಬೇಕಾದಾಗ ಬೀಸಿಸಬೇಕು.

ಆಹಾರಶುದ್ಧಿಯು ವಸ್ತುವಿನ ಹೆಸರಿನಲ್ಲಿಲ್ಲ, ಎಚ್ಚರದಲ್ಲಿದೆ. ನೋಡಿ ಆರಿಸಿದ ಕಾಳು, ಹೊತ್ತಿನೊಳಗೆ ಬೀಸಿದ ಹಿಟ್ಟು, ಹಗಲಿನಲ್ಲಿ ಬೆಂದು ಹಗಲಿನಲ್ಲಿಯೇ ಹಂಚಿ ಉಂಡ ತುತ್ತು, ಇವುಗಳಲ್ಲಿ ಶ್ರಾವಕಧರ್ಮ ಅಡಗಿದೆ. ಅತ್ತೆಯ ವ್ರತನಿಷ್ಠೆಯೂ ಸೊಸೆಯ ಹಿತಚಿಂತನೆಯೂ ಒಂದೇ ಒಲೆಯ ಮುಂದೆ ಕೂಡಿ ಕೆಲಸ ಮಾಡಿದ ಮನೆಯಲ್ಲಿ ಮಕ್ಕಳ ಬುತ್ತಿ ತಾನಾಗಿಯೇ ಶುದ್ಧವಾಗುತ್ತದೆ.